ಗೇಟಿನಾಚೆ ನಿಂತ ಮಲ್ಲಿಗಮ್ಮ

ದೇವಿರಮ್ಮ ಮತ್ತು ಮಲ್ಲಿಗಮ್ಮ ಒಂದೇ ವರ್ಷ ಕೊಪ್ಪಲಿಗೆ ಸೊಸೆಯರಾಗಿ ಬಂದವರು. ಪೂರಿಗಾಲಿಯ ರಸ್ತೆಯಿಂದ ಒಳಕ್ಕೆ ಸರಿದು ನಾಲೆ ದಾಟಿದರೆ ಸಿಗುವ ನಲವತ್ತು ಮನೆಗಳ ಊರು ಅದು. ಇಬ್ಬರ ಮನೆಗೂ ನಡುವೆ ಒಂದೇ ಗೋಡೆ. ಹಿತ್ತಲಿನ ಕಡೆ ಆ ಗೋಡೆ ಎದೆಯೆತ್ತರಕ್ಕೇ ಮುಗಿದುಹೋಗಿತ್ತು. ಅದರ ಮೇಲಿನಿಂದ ಕೆಂಡ ಆಚೆ ಹೋಗುತ್ತಿತ್ತು, ಮಜ್ಜಿಗೆ ಈಚೆ ಬರುತ್ತಿತ್ತು. ಅತ್ತೆಯರ ಮೇಲಿನ ದೂರಂತೂ ಎರಡೂ ಕಡೆ ಓಡಾಡುತ್ತಿತ್ತು.

ದೇವಿರಮ್ಮನ ಗಂಡ ಕರಿಯಪ್ಪನಿಗೆ ಮೂರು ಎಕರೆ ಗದ್ದೆ. ಮಲ್ಲಿಗಮ್ಮನ ಗಂಡ ಮರಿಸಿದ್ದಯ್ಯನಿಗೆ ಎರಡೂವರೆ. ಇವರ ಗದ್ದೆಗೆ ಅವರು, ಅವರ ಗದ್ದೆಗೆ ಇವರು ಮುಯ್ಯಾಳಾಗಿ ದುಡಿಯುತ್ತಿದ್ದರು. ಕೂಲಿ ಎಂಬ ಮಾತು ಎರಡು ಮನೆಗಳ ನಡುವೆ ಹುಟ್ಟಿಯೇ ಇರಲಿಲ್ಲ.

ಮಲ್ಲಿಗಮ್ಮ ಮಗಳು ಇಂದ್ರಮ್ಮನನ್ನು ಹೆತ್ತಾಗ ಜ್ವರ ಬಂದು ಇಪ್ಪತ್ತು ದಿನ ಮೇಲೇಳಲಿಲ್ಲ. ಎದೆಯಲ್ಲಿ ಹಾಲಿಲ್ಲ. ಆಗ ದೇವಿರಮ್ಮನ ಮಗಳು ಚೆನ್ನಾಜಿಗೆ ನಾಲ್ಕು ತಿಂಗಳು. ದೇವಿರಮ್ಮ ಎರಡು ಕೂಸುಗಳನ್ನೂ ತೊಡೆಯ ಮೇಲೆ ಹಾಕಿಕೊಂಡು, ಒಂದೊಂದು ಮಗ್ಗುಲಿಗೆ ಒಂದೊಂದನ್ನು ಹಿಡಿದು ಹಾಲು ಕುಡಿಸಿದಳು.

"ಲೇ ಮಲ್ಲಿಗಿ, ನಿನ್ ಮಗ್ಳು ಎಳಿಯೋ ರಬಸಕ್ಕೆ ನನ್ ಕೂಸಿಗೆ ಏನೂ ಉಳಿಯಾಕಿಲ್ಲ ಕಣಮ್ಮಿ" ಎಂದು ನಗುತ್ತಿದ್ದಳು.

ಚಾಪೆಯ ಮೇಲಿಂದಲೇ ಮಲ್ಲಿಗಮ್ಮ, "ಕುಡೀಲಿ ಬುಡೇ. ನಾನ್ ಸತ್ರೆ ನೀನೇ ತಾನೆ ಸಾಕಬೇಕು" ಎನ್ನುತ್ತಿದ್ದಳು.

ಮಲ್ಲಿಗಮ್ಮ ಸಾಯಲಿಲ್ಲ. ಇಂದ್ರ ದೊಡ್ಡವಳಾಗಿ ದೇವಿರಮ್ಮನನ್ನು ದೊಡ್ಡವ್ವ ಎಂದು ಕರೆಯುತ್ತ, ಎರಡೂ ಮನೆಗಳಲ್ಲಿ ಉಣ್ಣುತ್ತ ಬೆಳೆದಳು.

ಎಪ್ಪತ್ತೊಂದರಲ್ಲಿ ಊರಿಗೆ ಕರೆಂಟು ಬಂತು. ಕರಿಯಪ್ಪನಿಗೆ ಕೂತಲ್ಲಿ ಕೂರುವ ಸ್ವಭಾವವಿರಲಿಲ್ಲ. ಆಲೆಮನೆ ಕಟ್ಟಿ, ಮೋಟಾರು ಹಾಕಿ ಗಾಣ ಕೂರಿಸೋಣ ಎಂದು ಮೊದಲು ಹೇಳಿದ್ದೇ ಮರಿಸಿದ್ದಯ್ಯನಿಗೆ.

"ಇಬ್ರೂ ಸೇರ್ಕಂಡು ಮಾಡಾನ ಕಣ್ಲಾ ಮರಿಸಿದ್ದ. ಸುತ್ತಮುತ್ಲು ಅಳ್ಳಿ ಕಬ್ಬೆಲ್ಲ ನಮ್ತಾಕೇ ಬತ್ತದೆ."

ಮರಿಸಿದ್ದಯ್ಯ ಎರಡು ದಿನ ಯೋಚಿಸಿದ. "ನಂಗ್ಯಾಕ್ಲಾ ಆ ತಲೆನೋವು. ಇರೋ ಎರಡೂವರೆ ಎಕ್ರೆ ನೋಡ್ಕಂಡ್ರೆ ಸಾಕು ನಂಗೆ. ನೀನು ಮಾಡು" ಎಂದ. ಕರಿಯಪ್ಪ ಒಬ್ಬನೇ ಮಾಡಿದ.

ಮುಂದಿನ ಎರಡು ಮೂರು ವರ್ಷ ಬೆಲ್ಲಕ್ಕೆ ಯಾರೂ ಕಾಣದಂಥ ಬೆಲೆ ಬಂತು. ಕರಿಯಪ್ಪನ ಆಲೆಮನೆಯ ಹೊಗೆ ಸಂಕ್ರಾಂತಿಯಿಂದ ಯುಗಾದಿಯವರೆಗೆ ಆರುತ್ತಿರಲಿಲ್ಲ. ಅವನು ಯಾರಿಗೂ ಮೋಸ ಮಾಡಲಿಲ್ಲ. ಕಬ್ಬು ತಂದವರಿಗೆ ಹೇಳಿದ ದಿನಕ್ಕೆ ದುಡ್ಡು ಕೊಟ್ಟ, ಕೊಪ್ಪರಿಗೆಯ ಮುಂದೆ ತಾನೂ ನಿಂತು ಮೈ ಸುಟ್ಟುಕೊಂಡ. ಮಂಡ್ಯದ ಮಂಡಿಯಲ್ಲಿ ಅವನ ಬೆಲ್ಲಕ್ಕೆ ಹೆಸರು ಬಂತು. ಮೊದಲು ಒಂದು ಲಾರಿ ಬಂತು, ಆಮೇಲೆ ಎಂಟು ಎಕರೆ ಗದ್ದೆ, ಆಮೇಲೆ ಒಂದು ಹಳೇ ಜೀಪು. ಊರ ಮುಂದೆ, ರಸ್ತೆಗೆ ಹತ್ತಿರವಾಗಿ, ತಾರಸಿ ಮನೆ ಎದ್ದಿತು. ಹಲಗೂರಿನ ಕಡೆ ಯಾರೋ ಬೆಲ್ಲದ ವ್ಯಾಪಾರಿಯ ಮನೆಗೆ ಕಳ್ಳರು ನುಗ್ಗಿದರೆಂದು ಸುದ್ದಿ ಬಂದಾಗ ಮನೆಯ ಸುತ್ತ ಆಳೆತ್ತರದ ಕಾಂಪೌಂಡು ಎದ್ದಿತು, ಅದಕ್ಕೆ ಕಬ್ಬಿಣದ ಗೇಟು ಬಂತು.

ಹೊಸ ಮನೆಗೆ ಹೋಗುವ ದಿನ ದೇವಿರಮ್ಮ ಹಿತ್ತಲಿನ ಗೋಡೆಯ ಪಕ್ಕ ನಿಂತು ಅತ್ತಳು.

"ನಾನೇನು ಕಾಸಿಗೆ ಓಯ್ತಾ ಇದೀನಾ? ಅಲ್ಲೇ ಕೂಗಳತೆ ದೂರ. ದಿನಾ ಬತ್ತೀನಿ ಕಣಮ್ಮಿ."

"ನೀನ್ಯಾಕೆ ಬರಬೇಕು, ನಾನೇ ಬತ್ತೀನಿ" ಎಂದು ಮಲ್ಲಿಗಮ್ಮ ಅವಳ ಕಣ್ಣು ಒರೆಸಿದಳು. "ಆ ಕೆಂಪು ನೆಲದ ಮ್ಯಾಲೆ ವಸಿ ಕಾಲ್ ಚಾಚ್ಕಂಡು ಕೂರಬ್ಯಾಡ್ವಾ?"

ಬಂದಳು ಕೂಡ. ಮೊದಮೊದಲು ದಿನವೂ ಬಂದಳು. ಆದರೆ ಆ ವರ್ಷ ನಾಟಿಯ ಕಾಲಕ್ಕೆ ದೇವಿರಮ್ಮ ಸೆರಗು ಸಿಕ್ಕಿಸಿಕೊಂಡು ಹೊರಟಾಗ ಕರಿಯಪ್ಪ ತಡೆದ.

"ಎಲ್ಗೆ?"

"ಮಲ್ಲಿಗಿ ಗದ್ದೆ ನಾಟಿ. ಮುಯ್ಯಿ ಐತಲ್ಲ."

"ನಾಕು ಆಳು ಕಳುಸ್ತೀನಿ ಬುಡು. ನೀನು ಕೆಸ್ರಲ್ಲಿ ಬಗ್ಗಿದ್ರೆ ನೋಡ್ದೋರು ಏನಂತಾರೆ? ನಾಳೀಕೆ ಚೆನ್ನಾಜಿಗೆ ಗಂಡು ನೋಡಬೇಕು. ದೊಡ್ಡ ಮನೆಯೋರು ಬರ್ತಾರೆ."

ಅವನ ದನಿಯಲ್ಲಿ ಗರ್ವಕ್ಕಿಂತ ಹೆದರಿಕೆಯೇ ಹೆಚ್ಚಿತ್ತು. ಹೊಸದಾಗಿ ಬಂದ ದೊಡ್ಡತನ ಯಾವ ಗಳಿಗೆಯಲ್ಲಿ ಕಳಚಿ ಬೀಳುತ್ತದೋ ಎಂಬ ಹೆದರಿಕೆ. ದೇವಿರಮ್ಮ ನಿಂತುಬಿಟ್ಟಳು. ನಾಲ್ಕು ಜನ ಕೂಲಿಯವರು ಅವಳ ಬದಲಿಗೆ ಹೋದರು. ಮಲ್ಲಿಗಮ್ಮ ಅವರನ್ನು ಬೇಡವೆನ್ನಲಿಲ್ಲ. ಆದರೆ ಆಮೇಲೆ ಕರಿಯಪ್ಪನ ಗದ್ದೆಗೆ ಅವಳು ಬಂದು ನಾಟಿ ಹಾಕಿದ ದಿನ, ಮೇಸ್ತ್ರಿ ಎಲ್ಲರಿಗೂ ಕೊಟ್ಟ ಹಾಗೆ ಅವಳ ಕೈಗೂ ಕೂಲಿ ಇಟ್ಟ. ಅವಳು ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ಮನೆಯಲ್ಲಿ ಇಂದ್ರಳ ಮದುವೆಯ ಖರ್ಚಿತ್ತು. ಸೆರಗಿಗೆ ಕಟ್ಟಿಕೊಂಡಳು.

ಇನ್ನೊಂದು ದಿನ ಮಂಡಿಯ ಸಾಹುಕಾರರು ಬಂದು ಪಡಸಾಲೆಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಮಲ್ಲಿಗಮ್ಮ ಗೇಟಿನಿಂದಲೇ, "ಲೇ ದೇವಿರೀ, ಏನ್ಮಾಡ್ತಾ ಇದ್ದೀಯೇ?" ಎಂದು ಎಂದಿನಂತೆ ಕೂಗಿದಳು. ದೇವಿರಮ್ಮನ ಅತ್ತೆ ಬೆಳ್ಳಮ್ಮ ಮಲ್ಲಿಗಮ್ಮನನ್ನು ಪಕ್ಕಕ್ಕೆ ಕರೆದು, ಬೈಯುವ ದನಿಯಲ್ಲಲ್ಲ, ಮೆತ್ತಗೇ ಹೇಳಿದಳು: "ನಾಕು ಜನ ಬಂದು ಓಗೋ ಮನೆ ಕಣವ್ವ ಇದು. ಬಂದೋರ ಮುಂದೆ ಅಂಗೆ ಕೂಗಬ್ಯಾಡ."

ಆಮೇಲೆ ಮಲ್ಲಿಗಮ್ಮ 'ದೇವಿರಮ್ಮ' ಎಂದಳು. ಕೆಲವು ದಿನಕ್ಕೆ 'ಅವ್ವಾ' ಎಂದಳು. ಒಂದು ಸಂಜೆ, "ಚೆನ್ನಾಜಿ ಕಾಲೇಜಿಂದ ಬಂದ್ಲಾ, ನೀವು ಊಟ ಮಾಡುದ್ರಾ?" ಎಂದು ಕೇಳಿದಳು. ದೇವಿರಮ್ಮ ಜೋರಾಗಿ ನಕ್ಕಳು. "ಏನೇ ಇದು, ನೀವು ಗೀವು ಅಂತೀಯ?"

ಮಲ್ಲಿಗಮ್ಮನೂ ನಕ್ಕಳು. ಆದರೆ ಮರುದಿನವೂ ಹಾಗೇ ಅಂದಳು. ಎರಡನೇ ಸಲ ದೇವಿರಮ್ಮ ಬೇಡವೆಂದಳು. ಮೂರನೇ ಸಲ ಸುಮ್ಮನಾದಳು. ಮಳವಳ್ಳಿಯ ಬಟ್ಟೆ ಅಂಗಡಿಯಲ್ಲಿ ಅವಳಿಗೆ ಕುರ್ಚಿ ಹಾಕುತ್ತಿದ್ದರು. ಬಸ್ಸಿನವನು ಸಿಕ್ಕಲ್ಲೆಲ್ಲ ನಮಸ್ಕಾರ ಹೇಳುತ್ತಿದ್ದ. ಊರೆಲ್ಲ ಬಹುವಚನ ಕೊಡುವಾಗ ಮಲ್ಲಿಗಮ್ಮನ ಬಾಯಿಂದಲೂ ಅದು ಬಂದದ್ದು ಕಿವಿಗೆ ಮೊದಲಿನಷ್ಟು ಕಚ್ಚಲಿಲ್ಲ. ಹಿತವಾಗಿಯೇ ಇತ್ತು ಎಂದು ಬಹಳ ದಿನಗಳ ನಂತರ ಅವಳು ತನ್ನಲ್ಲೇ ಒಪ್ಪಿಕೊಳ್ಳಬೇಕಾಯಿತು.

ಇಂದ್ರಳನ್ನು ಭಾರತೀನಗರದ ಹತ್ತಿರದ ಹಳ್ಳಿಯೊಂದಕ್ಕೆ ಕೊಟ್ಟಿದ್ದರು. ಎಪ್ಪತ್ತಾರರ ಸಂಕ್ರಾಂತಿಗೆ ಅವಳು ಚೊಚ್ಚಲ ಬಸುರಿಯಾಗಿ ತವರಿಗೆ ಬಂದಳು. ದೇವಿರಮ್ಮನಿಗೆ ಅವಳನ್ನು ಕಂಡು ಬಲು ಸಂತೋಷವಾಯಿತು. ಅಡುಗೆಮನೆಯಲ್ಲಿ ಮಣೆ ಹಾಕಿ ಕೂರಿಸಿ, ಹೊಟ್ಟೆಯ ಮೇಲೆ ಅಂಗೈ ಇಟ್ಟು ನೋಡಿದಳು.

"ಗಂಡು ಕಣೇ. ಒದಿಯೋದ್ ನೋಡು!"

"ನಂಗೆ ಭಯ ಆಯ್ತದೆ ದೊಡ್ಡವ್ವ."

"ಭಯ ಯಾಕೆ ಮಗ? ನಾನಿಲ್ವಾ? ನೋವು ಕಾಣಿಸ್ಕಂಡ ತಕ್ಸಣ ಒಂದು ಮಾತು ಹೇಳಿ ಕಳ್ಸು. ಜೀಪಲ್ಲಿ ಮಳವಳ್ಳಿ ಆಸ್ಪತ್ರೆಗೆ ನಾನೇ ಕರ್ಕಂಡು ಓಯ್ತೀನಿ. ಮುಕ್ಕಾಲು ಗಂಟೆ ದಾರಿ."

ಬಾಗಿಲ ಬಳಿ ನಿಂತಿದ್ದ ಮಲ್ಲಿಗಮ್ಮ, "ಆಯ್ತವ್ವಾ" ಎಂದಳು.

ಫೆಬ್ರವರಿ ತಿಂಗಳ ಒಂದು ಭಾನುವಾರ ಚೆನ್ನಾಜಿಯನ್ನು ನೋಡಲು ಮಂಡ್ಯದಿಂದ ಗಂಡಿನ ಕಡೆಯವರು ಬಂದರು. ಹುಡುಗ ಇಂಜಿನಿಯರು. ಅವನ ಅಪ್ಪನಿಗೆ ಮಂಡ್ಯದಲ್ಲಿ ಅಕ್ಕಿ ಗಿರಣಿ. ಎರಡು ಕಾರುಗಳಲ್ಲಿ ಒಂಬತ್ತು ಜನ. ಕರಿಯಪ್ಪ ಬೆಳಿಗ್ಗೆಯಿಂದ ಮೂರು ಸಲ ಅಂಗಳ ಗುಡಿಸಿಸಿದ್ದ. ಜೀಪಿನ ಡ್ರೈವರ್ ಚಿಕ್ಕಮಾದುವನ್ನು ಗೇಟಿನ ಬಳಿ ನಿಲ್ಲಿಸಿ, "ಅವರು ಓಗೋಗಂಟ ಯಾರ್ನೂ ಒಳೀಕೆ ಬುಡಬ್ಯಾಡ. ಒಬ್ಬರು ಹಾಲು ಅಂತಾರೆ, ಒಬ್ಬರು ಕೂಲಿ ಅಂತಾರೆ. ಬಂದೋರ ಮುಂದೆ ಚೆಂದಾಗಿರಾಕಿಲ್ಲ" ಎಂದಿದ್ದ.

ಮಧ್ಯಾಹ್ನ ಎರಡು ಗಂಟೆ. ಊಟ ನಡೆಯುತ್ತಿತ್ತು. ರೇಷ್ಮೆ ಸೀರೆ ಉಟ್ಟ ದೇವಿರಮ್ಮ ಅಡುಗೆಮನೆಯಲ್ಲಿ ಒಬ್ಬಟ್ಟಿಗೆ ತುಪ್ಪ ಹಾಕುತ್ತಿದ್ದಳು. ಹುಡುಗನ ತಾಯಿ ಮನೆಯೆಲ್ಲ ನೋಡುತ್ತ ಅಡುಗೆಮನೆಗೂ ಬಂದು, ಸ್ಟೀಲ್ ಪಾತ್ರೆಗಳ ಸಾಲಿನ ಮೇಲೆ ಕಣ್ಣಾಡಿಸುತ್ತಿದ್ದರು. ಕಿಟಕಿಯಿಂದ ಗೇಟು ಕಾಣುತ್ತಿತ್ತು.

ಗೇಟಿನ ಆಚೆ ಮಲ್ಲಿಗಮ್ಮ ನಿಂತಿದ್ದಳು. ಎರಡು ಕೈಯಲ್ಲೂ ಕಬ್ಬಿಣದ ಸರಳು ಹಿಡಿದಿದ್ದಳು. ತಲೆ ಕೆದರಿತ್ತು, ಸೆರಗು ಒಂದು ಕಡೆ ಜಾರಿತ್ತು. ಚಿಕ್ಕಮಾದುವಿನ ಹತ್ತಿರ ಏನೋ ಹೇಳುತ್ತಿದ್ದಳು. ಹೇಳುತ್ತ ಹೇಳುತ್ತ ತಲೆಯೆತ್ತಿ ಕಿಟಕಿಯ ಕಡೆ ನೋಡಿದಳು. ಇಬ್ಬರ ಕಣ್ಣೂ ಸೇರಿದವು.

"ಯಾರದು?" ಹುಡುಗನ ತಾಯಿ ದೇವಿರಮ್ಮನ ಹೆಗಲ ಮೇಲಿಂದ ಬಗ್ಗಿ ನೋಡಿ ಕೇಳಿದರು. "ಆ ವೇಷದಲ್ಲಿ ನಿಂತಿದ್ದಾಳಲ್ಲ, ನಿಮ್ಮ ಕಡೆಯೋರಾ?"

"ಅಯ್ಯೋ, ಇಲ್ಲ" ಎಂದಳು ದೇವಿರಮ್ಮ. "ನಮ್ಮ ಗದ್ದೆಗೆ ಬರೋ ಕೂಲಿಯೋಳು."

ಮಾತು ಬಾಯಿಂದ ಬಿದ್ದಾದ ಮೇಲೆ ಅವಳಿಗೆ ಅದರ ಸದ್ದು ಕೇಳಿಸಿತು. ಇಂದ್ರಳ ನೆನಪು ಬಂತು. ಆದರೆ ದಿನ ತುಂಬಲು ಇನ್ನೂ ಎರಡು ವಾರ ಇದೆಯಲ್ಲ ಎಂದುಕೊಂಡಳು. ಚೆನ್ನಾಜಿಯ ಗಂಡನ್ನು ನೋಡುವ ಆಸೆಯಿಂದ ಬಂದಿರಬೇಕು. ಇವರು ಹೋದ ಮೇಲೆ ಒಬ್ಬಟ್ಟು ಕಟ್ಟಿಕೊಂಡು ನಾನೇ ಹೋಗಿ ಎಲ್ಲ ಹೇಳುತ್ತೇನೆ ಎಂದುಕೊಂಡಳು. ತುಪ್ಪದ ಗಿಂಡಿ ಹಿಡಿದು ಪಡಸಾಲೆಗೆ ಹೋದಳು. ಬಡಿಸಿ ಬಂದು ಮತ್ತೆ ನೋಡಿದಾಗ ಗೇಟಿನ ಬಳಿ ಯಾರೂ ಇರಲಿಲ್ಲ. ಒಂದು ಭಾರ ಇಳಿದಂತಾಯಿತು.

ಗಂಡಿನವರು ಹುಡುಗಿ ಒಪ್ಪಿಗೆ ಎಂದರು. ಎಲೆ ಅಡಿಕೆ ಹಾಕಿಕೊಂಡು, ನಗುತ್ತ ಮಾತಾಡುತ್ತ, ನಾಲ್ಕು ಗಂಟೆಗೆ ಕಾರು ಹತ್ತಿದರು. ಕಾರುಗಳ ಧೂಳು ಅಡಗುವ ಮೊದಲೇ ಚಿಕ್ಕಮಾದು ಒಳಗೆ ಬಂದ.

"ಅವ್ವಾ, ಮಲ್ಲಿಗಮ್ಮಾರು ಬಂದಿದ್ರು. ಮಗಳಿಗೆ ಬೆಳಿಗ್ಗೆಯಿಂದ ನೋವಂತೆ. ಸೂಲಗಿತ್ತಿ ಕೈ ಚೆಲ್ಬುಟ್ಲಂತೆ. ಜೀಪು ಕೇಳುದ್ರು."

ದೇವಿರಮ್ಮ ಕೈಯಲ್ಲಿದ್ದ ತಟ್ಟೆಯನ್ನು ನೆಲಕ್ಕಿಟ್ಟಳು.

"ನೀನೇನಂದೆ?"

"ಯಾರ್ನೂ ಬುಡಬ್ಯಾಡ ಅಂದಿದ್ರಲ್ಲ ಗೌಡ್ರು. ಇರೀ, ಅವ್ವಾರಿಗೆ ಹೇಳಿ ಬತ್ತೀನಿ ಅಂದೆ. ಅಷ್ಟೊತ್ಗೆ ಅವರು ಕಿಟಕಿ ಕಡೆ ನೋಡುದ್ರು. ನೀವು ಒಳೀಕೆ ಓದ್ರಿ. 'ಬುಡಪ್ಪ, ಅವ್ವಾರು ನೋಡವ್ರೆ' ಅಂದು ಒಂಟೋದ್ರು." ಅವನು ಕತ್ತು ತಗ್ಗಿಸಿದ. "ಆಗ್ಲೇ ನಾನು ಬಂದು ಹೇಳಬೇಕಾಗಿತ್ತು ಅವ್ವಾ. ಗೌಡ್ರು ಬಯ್ತಾರೆ ಅಂತ ಸುಮ್ಕಾದೆ."

ದೇವಿರಮ್ಮ ಬರಿಗಾಲಲ್ಲಿ ಓಡಿದಳು. ಹಳೆಯ ಬೀದಿಯಲ್ಲಿ ಮಲ್ಲಿಗಮ್ಮನ ಮನೆಯ ಬಾಗಿಲು ತೆರೆದೇ ಇತ್ತು, ಒಳಗೆ ಯಾರೂ ಇಲ್ಲ. ಎರಡೂವರೆಗೇ ಗಾಡಿಗೆ ಹುಲ್ಲು ಹಾಸಿ ಮಲಗಿಸಿಕೊಂಡು ಹೋದರೆಂದು ಎದುರು ಮನೆಯ ಹೆಂಗಸು ಹೇಳಿದಳು. ಅಷ್ಟರಲ್ಲಿ ಚಿಕ್ಕಮಾದು ಜೀಪು ತಂದು ನಿಲ್ಲಿಸಿದ್ದ.

ಎತ್ತಿನ ಗಾಡಿಗೆ ಮಳವಳ್ಳಿ ನಾಲ್ಕು ಗಂಟೆಯ ದಾರಿ. ಅರ್ಧ ದಾರಿಯೂ ಆಗಿರಲಿಲ್ಲ. ರಸ್ತೆ ಪಕ್ಕದ ಹುಣಿಸೇಮರದ ಕೆಳಗೆ ಗಾಡಿ ನಿಂತಿತ್ತು. ಮರಿಸಿದ್ದಯ್ಯ ಎತ್ತಿನ ಕೊರಳು ಹಿಡಿದುಕೊಂಡು ಆ ಕಡೆ ಮುಖ ಮಾಡಿದ್ದ. ಗಾಡಿಯೊಳಗಿಂದ ಕೂಸು ಅಳುವ ಸದ್ದು ಬರುತ್ತಿತ್ತು.

ಮಗು ಗಾಡಿಯಲ್ಲೇ ಹುಟ್ಟಿತ್ತು, ಹೆಣ್ಣು. ಹುಟ್ಟಿದ ಮೇಲೆ ರಕ್ತ ನಿಲ್ಲಲಿಲ್ಲ. ಹಾಸಿದ ಹುಲ್ಲೆಲ್ಲ ತೊಯ್ದಿತ್ತು. ಇಂದ್ರಳ ತಲೆ ತಾಯಿಯ ತೊಡೆಯ ಮೇಲಿತ್ತು. ತುಟಿ ಬೆಳ್ಳಗಾಗಿತ್ತು. ದೇವಿರಮ್ಮ ಗಾಡಿಯ ಮೇಲೆ ಹತ್ತಿ, "ಇಂದ್ರೀ, ಲೇ ಮಗಾ, ದೊಡ್ಡವ್ವ ಬಂದಿವ್ನಿ ಕಣೇ, ಕಣ್ ಬುಡು" ಎಂದಳು. ಇಂದ್ರಳ ರೆಪ್ಪೆ ಒಂದು ಸಲ ಅದುರಿತು. ಅವಳಿಗೆ ಗುರುತು ಸಿಕ್ಕಿತೋ ಇಲ್ಲವೋ ತಿಳಿಯಲಿಲ್ಲ.

ಅವಳನ್ನು ಎತ್ತಿ ಜೀಪಿಗೆ ಹಾಕಿಕೊಂಡರು. ಚಿಕ್ಕಮಾದು ಹಿಂದೆಂದೂ ಓಡಿಸದ ಹಾಗೆ ಓಡಿಸಿದ. ಆಸ್ಪತ್ರೆಯ ಮೆಟ್ಟಿಲ ಬಳಿ ಡಾಕ್ಟರು ಬಂದು ನಾಡಿ ಹಿಡಿದು, ಕಣ್ಣಿನ ರೆಪ್ಪೆ ಬಿಡಿಸಿ ನೋಡಿ, ನಿಧಾನವಾಗಿ ಕೈ ಬಿಟ್ಟರು.

"ಒಂದು ಗಂಟೆ ಮುಂಚೆ ಬಂದಿದ್ದರೆ ಉಳಿಸಬಹುದಿತ್ತೇನೋ" ಎಂದರು. ಅದನ್ನು ಅವರು ಯಾರನ್ನೂ ದೂರಿ ಹೇಳಿದ್ದಲ್ಲ.

ವಾಪಸು ಬರುವಾಗ ಜೀಪಿನ ಹಿಂದಿನ ಸೀಟುಗಳ ನಡುವೆ ಇಂದ್ರಳನ್ನು ಮಲಗಿಸಿದ್ದರು. ಮಲ್ಲಿಗಮ್ಮ ಮಗಳ ತಲೆ ಹಿಡಿದುಕೊಂಡು ಕೂತಿದ್ದಳು. ಎದುರಿಗೆ ದೇವಿರಮ್ಮ ಹಸುಗೂಸನ್ನು ರೇಷ್ಮೆ ಸೆರಗಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡಿದ್ದಳು. ಅವಳ ಸೀರೆಯ ತುಂಬ ರಕ್ತ ಹತ್ತಿತ್ತು. ಬಹಳ ಹೊತ್ತಿನ ಮೇಲೆ ಮಲ್ಲಿಗಮ್ಮ ತಲೆಯೆತ್ತಿ ಅದನ್ನು ನೋಡಿದಳು.

"ಅವ್ವಾ, ನಿಮ್ ಸೀರೆ ಆಳಾಯ್ತದೆ" ಎಂದಳು. "ಮಗಿನ ಇತ್ಲಾಗೆ ಕೊಡಿ."

ದೇವಿರಮ್ಮ ಕೊಡಲಿಲ್ಲ. ಬಾಯಿಗೆ ಸೆರಗಿನ ತುದಿ ತುರುಕಿಕೊಂಡು ಕೂತಳು.

ಹನ್ನೊಂದನೆಯ ದಿನದ ಕಾರ್ಯ ಮುಗಿದು ನೆಂಟರೆಲ್ಲ ಹೋದ ಮೇಲೆ ಅವಳು ಮಲ್ಲಿಗಮ್ಮನ ಮನೆಗೆ ಬಂದಳು. ಅಷ್ಟು ದಿನವೂ ಬರುತ್ತಿದ್ದಳು, ಆದರೆ ಜನರ ನಡುವೆ ಮಾತಾಡಲು ಆಗಿರಲಿಲ್ಲ. ಮಲ್ಲಿಗಮ್ಮ ಹಿತ್ತಲಲ್ಲಿ ಕೂಸಿನ ಬಟ್ಟೆ ಒಗೆಯುತ್ತಿದ್ದಳು. ಇವಳನ್ನು ಕಂಡು ಒಳಗಿನಿಂದ ಚಾಪೆ ತಂದು ಹಾಸಿದಳು. ದೇವಿರಮ್ಮ ಚಾಪೆಯ ಮೇಲೆ ಕೂರದೆ ನೆಲದ ಮೇಲೆ ಕೂತಳು.

"ನಾನು ನೋಡ್ದೆ ಕಣೇ. ಕಿಟಕೀಲಿ ನೋಡ್ದೆ. ನೋಡಿ ಒಳೀಕೆ ಓದೆ."

ಮಲ್ಲಿಗಮ್ಮ ಬಟ್ಟೆ ಹಿಂಡುತ್ತಲೇ ಇದ್ದಳು.

"ಆಯಮ್ಮ ಕೇಳುದ್ಲು, ಯಾರು ಅಂತ. ನಾನು ನಿನ್ನ ಕೂಲಿಯೋಳು ಅಂದ್ಬುಟ್ಟೆ. ನನ್ ಬಾಯಿಗೆ ಹುಳ ಬೀಳ. ಬಯ್ಯೇ ನನ್ನ. ಒಡಿ. ಊರ್ ಮುಂದೆ ನಿಂತ್ಕಂಡು ಮಣ್ಣು ತೂರು. ಸುಮ್ಕೆ ಮಾತ್ರ ಇರಬ್ಯಾಡ ಮಲ್ಲಿಗಿ."

ಮಲ್ಲಿಗಮ್ಮನ ಕೈ ನಿಂತಿತು. ಹಳೆಯ ಮಲ್ಲಿಗಮ್ಮ ಮುಖದಲ್ಲಿ ಒಂದು ಗಳಿಗೆ ಕಾಣಿಸಿಕೊಂಡಳು.

"ನೀನು ನೋಡ್ದೆ ಅಂತ ನಂಗೂ ಗೊತ್ತು ಕಣಮ್ಮಿ" ಎಂದಳು. "ನೋಡ್ದೇ ಇದ್ದಿದ್ರೆ ಗೇಟು ಮುರ್ಕಂಡಾದ್ರೂ ಒಳೀಕೆ ಬತ್ತಿದ್ದೆ."

ದೇವಿರಮ್ಮ ಕಾದಳು. ಇನ್ನೊಂದು ಮಾತು ಬರಲಿ, ಬೈಗುಳ ಬರಲಿ, ತನ್ನ ಜುಟ್ಟು ಹಿಡಿದು ಎಳೆಯಲಿ ಎಂದು ಕಾದಳು. ಆದರೆ ಒಳಗೆ ಕೂಸು ಅತ್ತಿತು. ಮಲ್ಲಿಗಮ್ಮ ಕೈ ಒರೆಸಿಕೊಂಡು ಎದ್ದಳು. ಅಷ್ಟರಲ್ಲಿ ಮುಖ ಮೊದಲಿನ ಹಾಗೆ ಮುಚ್ಚಿಕೊಂಡಿತ್ತು.

"ಏನೋ ಅವ್ಳ ಅಣೇಲಿ ಬರ್ದಿತ್ತು. ನಿಮ್ನ ಯಾಕೆ ಬಯ್ಲಿ? ಮನೇಲಿ ಕಾಯ್ತಾ ಇರ್ತಾರೆ, ಓಗಿ ಅವ್ವಾ."

ಕರಿಯಪ್ಪ ಕೆಟ್ಟವನಾಗಿರಲಿಲ್ಲ. ನಡೆದದ್ದು ತಿಳಿದು ಅವನು ಎರಡು ದಿನ ಊಟ ಬಿಟ್ಟ. ಮರಿಸಿದ್ದಯ್ಯನ ಮುಂದೆ ಕೂತು ಮಗುವಿನಂತೆ ಅತ್ತ. ಆಮೇಲೆ ತನಗೆ ತಿಳಿದಿದ್ದನ್ನು ಮಾಡಿದ: ಕೂಸಿನ ಹಾಲಿಗೆಂದು ಒಂದು ಕರಾವಿನ ಹಸು ಹೊಡೆಸಿಕೊಟ್ಟ. ಪ್ರತಿ ಸುಗ್ಗಿಗೆ ಆ ಮನೆಗೆ ಭತ್ತದ ಮೂಟೆ ಹೋಗಬೇಕೆಂದು ಮೇಸ್ತ್ರಿಗೆ ಹೇಳಿದ. ಕೂಸಿನ ಅಪ್ಪ ಬೇರೆ ಮದುವೆ ಮಾಡಿಕೊಂಡು ಈ ಕಡೆ ತಿರುಗಿ ನೋಡಲಿಲ್ಲ. ಹಾಲು ಬೇಕಾಗಿತ್ತು. ಮಲ್ಲಿಗಮ್ಮ ಹಸುವಿಗೆ ಅರಿಶಿನ ಕುಂಕುಮ ಇಟ್ಟು, ತಂದವನಿಗೆ ಕೈ ಮುಗಿದು, ಕೊಟ್ಟಿಗೆಗೆ ಕಟ್ಟಿಕೊಂಡಳು.

ಊರು ಮೆಚ್ಚಿತು. "ಕರಿಯಪ್ಪಂದು ದೊಡ್ಡ ಮನಸು ಕಣಪ್ಪ. ಯಾರ್ ಮಾಡ್ತಾರೆ ಈ ಕಾಲ್ದಲ್ಲಿ" ಎಂದು ಅರಳಿಕಟ್ಟೆಯಲ್ಲಿ ಮಾತಾಡಿಕೊಂಡರು. ಗೇಟಿನ ಬಳಿ ನಡೆದದ್ದು ಎಲ್ಲರಿಗೂ ಗೊತ್ತಿತ್ತು, ಆದರೆ ಹಸು ಆ ಬೀದಿಯಲ್ಲಿ ನಡೆದುಹೋದ ಮೇಲೆ ಅದರ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ಮಲ್ಲಿಗಮ್ಮನೂ ಬಿಡಲಿಲ್ಲ. ಉಪಕಾರ ಪಡೆದವಳು ಇನ್ನು ಹೇಗೆ ಬೈಯುತ್ತಾಳೆ? ದೇವಿರಮ್ಮ ಅದನ್ನು ಅರ್ಥ ಮಾಡಿಕೊಂಡಾಗ ಗಂಡನನ್ನು ಕೇಳಿದಳು:

"ಹಸ ಯಾಕೆ ಕೊಟ್ಟಿದ್ದು?"

ಅವನು ಕಕ್ಕಾಬಿಕ್ಕಿಯಾದ. "ಮತ್ತೇನ್ ಮಾಡಬೇಕಿತ್ತು? ಕೂಸು ಉಪಾಸ ಬೀಳಬೇಕಿತ್ತಾ?"

ಅವನು ಹೇಳಿದ್ದೂ ನಿಜವೇ ಆಗಿತ್ತು.

ಚೆನ್ನಾಜಿ ಎಷ್ಟೋ ದಿನ ತಾಯಿಯೊಡನೆ ಮಾತು ಬಿಟ್ಟಿದ್ದಳು. ಆ ಗಂಡು ಬೇಡವೆಂದು ಹಟ ಹಿಡಿದಳು. ಮಾತು ಕೊಟ್ಟಾಗಿತ್ತು. ಮೇ ತಿಂಗಳಲ್ಲಿ ಮಂಡ್ಯದ ಛತ್ರದಲ್ಲಿ ಮದುವೆ ನಡೆಯಿತು. ಮಲ್ಲಿಗಮ್ಮ ಸಾವಿನ ಮನೆಯವಳೆಂದು ಬರಲಿಲ್ಲ. ಧಾರೆಯ ಹೊತ್ತಿನಲ್ಲಿ ಹುಡುಗನ ತಾಯಿ ಪಕ್ಕದಲ್ಲಿ ನಿಂತು ಏನೋ ಕೇಳಿದರು. ದೇವಿರಮ್ಮನಿಗೆ ಅದು ಕೇಳಿಸಲೇ ಇಲ್ಲ. ಮೈಮೇಲೆ ಅವತ್ತು ಅವಳ ಬಳಿ ಇದ್ದ ಒಡವೆಯೆಲ್ಲ ಇತ್ತು. ಮನೆಗೆ ಬಂದು ಬಿಚ್ಚಿಟ್ಟ ಮೇಲೆ ಮತ್ತೆ ಅವಳು ಅದನ್ನು ಹಾಕಿಕೊಳ್ಳಲಿಲ್ಲ. ಯಾರಾದರೂ ಕೇಳಿದರೆ ಕೊರಳು ಉರಿಯುತ್ತದೆ ಎನ್ನುತ್ತಿದ್ದಳು.

ಮೂರು ವರ್ಷ ಕಳೆದವು. ಕೂಸಿಗೆ ಸಣ್ಣಮ್ಮ ಎಂದು ಹೆಸರಿಟ್ಟಿದ್ದರು. ದೇವಿರಮ್ಮ ಮೊದಲು ಆಗಾಗ ನೋಡಲು ಹೋಗುತ್ತಿದ್ದಳು. ಹೋದಾಗಲೆಲ್ಲ ಮಲ್ಲಿಗಮ್ಮ ಕೆಲಸ ಬಿಟ್ಟು ಎದ್ದು ನಿಲ್ಲುತ್ತಿದ್ದಳು, ಚಾಪೆ ಹಾಸುತ್ತಿದ್ದಳು, ಕೂಸಿನ ಮುಖ ತೊಳೆದು ತಂದು ತೋರಿಸುತ್ತಿದ್ದಳು. ಎಷ್ಟು ಹೊತ್ತು ಕೂತರೂ ತಾನು ಕೂರುತ್ತಿರಲಿಲ್ಲ. ಅವಳನ್ನು ನಿಲ್ಲಿಸಿ ನಿಲ್ಲಿಸಿ ದೇವಿರಮ್ಮನಿಗೇ ಸಂಕಟವಾಗಿ, ಹೋಗುವುದು ಕಡಿಮೆಯಾಯಿತು.

ಎಪ್ಪತ್ತೊಂಬತ್ತರ ಆಷಾಢದಲ್ಲಿ ಒಂದು ಬೆಳಿಗ್ಗೆ ಅವಳು ಮಂಡ್ಯಕ್ಕೆ ಮಗಳನ್ನು ನೋಡಲು ಹೊರಟಿದ್ದಳು. ಜೀಪು ನಾಲೆ ದಾಟಿ ರಸ್ತೆಗೆ ಬಂದಾಗ ಬಸ್ಸು ನಿಲ್ಲುವ ಜಾಗದಲ್ಲಿ ಮಲ್ಲಿಗಮ್ಮ ಕಂಡಳು. ಕಂಕುಳಲ್ಲಿ ಸಣ್ಣಮ್ಮ. ಮಗುವಿನ ಕಿವಿ ಸೋರುತ್ತಿತ್ತು, ಹತ್ತಿ ಇಟ್ಟಿದ್ದರು.

"ನಿಲ್ಸು" ಎಂದಳು ದೇವಿರಮ್ಮ.

"ಮಳವಳ್ಳಿಗಾ? ಜೀಪು ಅತ್ತು, ನಾನೂ ಅದೇ ದಾರೀಲೇ ಓಯ್ತೀನಿ."

"ಬಸ್ಸು ಬತ್ತದೆ ಬುಡಿ ಅವ್ವಾ. ನಿಮಗ್ಯಾಕೆ ತೊಂದ್ರೆ."

"ಮಗೀಗೆ ಕಿವಿ ನೋವು ಅಲ್ವೇನೆ? ಅತ್ತು."

ಮಲ್ಲಿಗಮ್ಮ ಬಸ್ಸು ಬರುವ ದಿಕ್ಕಿಗೆ ಒಂದು ಸಲ ನೋಡಿದಳು. ಆಮೇಲೆ ಹತ್ತಿದಳು. ಜೀಪಿನ ಹಿಂದಿನ ಸೀಟಿನ ತುದಿಯಲ್ಲಿ, ಅರ್ಧ ಮಾತ್ರ ಊರಿ ಕೂತಳು. ಆ ದಾರಿಯಲ್ಲಿ ಅವರು ಇದಕ್ಕೆ ಮೊದಲು ಜೊತೆಯಾಗಿ ಹೋದದ್ದು ಒಂದೇ ಸಲ. ಮಗು ಮಾತ್ರ ಜೀಪಿನ ಕುಲುಕಾಟಕ್ಕೆ ಖುಷಿಯಾಗಿ, ಕಿವಿನೋವು ಮರೆತು, ಎದುರಿಗಿದ್ದ ದೇವಿರಮ್ಮನನ್ನೇ ನೋಡುತ್ತಿತ್ತು. ಇಂದ್ರಳದೇ ಕಣ್ಣು, ಅವಳದೇ ಗಲ್ಲ.

"ಬಾ ಮಗ" ಎಂದು ದೇವಿರಮ್ಮ ಎರಡೂ ಕೈ ಚಾಚಿದಳು.

ಸಣ್ಣಮ್ಮ ಅಜ್ಜಿಯ ಸೆರಗು ಹಿಡಿದು ಪಿಸುಗುಟ್ಟಿತು. "ಯಾರಜ್ಜಿ ಅದು?"

ದೇವಿರಮ್ಮ ಮಲ್ಲಿಗಮ್ಮನ ಮುಖ ನೋಡಿದಳು. ನಿನ್ನ ಅವ್ವನಿಗೆ ಹಾಲು ಕೊಟ್ಟವಳು ಎಂದಾಳೇ? ನಿನ್ನ ಅವ್ವನನ್ನು ಕೊಂದವಳು ಎಂದಾಳೇ? ಎರಡರಲ್ಲಿ ಯಾವುದನ್ನಾದರೂ ಅಂದರೆ ಸಾಕಾಗಿತ್ತು.

"ದೊಡ್ಡೋರು ಕಣವ್ವ" ಎಂದಳು ಮಲ್ಲಿಗಮ್ಮ. "ನಮಗೆ ಹಸ ಕೊಟ್ಟೋರು. ಕೈ ಮುಗಿ."

ಮಗು ಎರಡು ಪುಟ್ಟ ಕೈಗಳನ್ನು ಜೋಡಿಸಿ, ಕಣ್ಣು ಮುಚ್ಚಿ, ದೇವರಿಗೆ ಮುಗಿಯುವ ಹಾಗೆ ಮುಗಿಯಿತು. ದೇವಿರಮ್ಮ ಚಾಚಿದ ಕೈಗಳನ್ನು ಮಡಿಲಿಗೆ ಎಳೆದುಕೊಂಡಳು.

ಮಳವಳ್ಳಿಯಲ್ಲಿ ಆಸ್ಪತ್ರೆಯ ಮುಂದೆ ಅವರು ಇಳಿದರು. "ಬತ್ತೀವಿ ಅವ್ವಾ. ನಿಮ್ಮಿಂದ ಉಪಕಾರ ಆಯ್ತು" ಎಂದು ಹೇಳಿ, ಮಲ್ಲಿಗಮ್ಮ ಮಗುವಿನ ಕೈ ಹಿಡಿದು ಚೀಟಿಗೆ ನಿಂತಿದ್ದ ಜನರ ಸಾಲಿನ ಕಡೆ ನಡೆದಳು. ಅವಳ ಬೆನ್ನು ಬಗ್ಗಿತ್ತು. ಹಿಂದಿನ ವರ್ಷ ಇಷ್ಟು ಬಗ್ಗಿರಲಿಲ್ಲ.

ಚಿಕ್ಕಮಾದು ಸ್ವಲ್ಪ ಹೊತ್ತು ಕಾದು, ಹಿಂತಿರುಗದೆಯೇ ಕೇಳಿದ.

"ಓಗಾನಾ ಅವ್ವಾ?"

ಅವಳು ಸಾಲಿನಲ್ಲಿ ಅವರಿಬ್ಬರನ್ನು ಹುಡುಕುತ್ತಿದ್ದಳು. ಅವರ ಹಿಂದೆ ಇನ್ನೂ ನಾಲ್ಕೈದು ಜನ ಬಂದು ನಿಂತಿದ್ದರು, ಕಾಣಿಸಲಿಲ್ಲ.

"ಊಂ, ಓಗು" ಎಂದಳು.